ನೆಲಕ್ಕೆ ಬಿಗಿದ ಕುರ್ಚಿಗಳು

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ನನ್ನ ಅಕ್ಕನ ಮಗ ಸ್ತಾಥಿಸ್ ಕೊಡೆ ಹಿಡಿಯಲಿಲ್ಲ, ಬೋರ್ಡು ಹಾಕಿದ. ನಮ್ಮೂರು ವೋಲೋಸಿನ ಕಡಲದಂಡೆಯಲ್ಲಿ ಅವನ ಅಪ್ಪ ಕಟ್ಟಿ, ಅಮ್ಮ ಒಲೆಯ ಮುಂದೆ ಬೆಂದು ಬೆಳೆಸಿದ ಊಟದಂಗಡಿಯ ಬಾಗಿಲಿಗೆ ಹಿತ್ತಾಳೆಯ ಬೋರ್ಡು: ಹನ್ನೆರಡು ವರ್ಷದೊಳಗಿನವರಿಗೆ ಪ್ರವೇಶವಿಲ್ಲ. ಕೆಳಗೆ ಹದಿಹರೆಯದವರಿಗೆ ಉಪದೇಶ ಬೇರೆ. ತೊಡೆಯ ಮೇಲೆ ನ್ಯಾಪ್‌ಕಿನ್ ಹಾಸಿಕೊಳ್ಳಬೇಕು, ದನಿ ಎತ್ತಬಾರದು, ತಟ್ಟೆಯಲ್ಲಿ ಉಳಿದ ರಸಕ್ಕೆ ಬ್ರೆಡ್ ಅದ್ದಬಾರದು. ಅದ್ದಬಾರದಂತೆ! ಹಾಗಾದರೆ ಆ ರಸವನ್ನು ಏನು ಮಾಡಬೇಕು, ತಲೆಗೆ ಹಚ್ಚಿಕೊಳ್ಳಬೇಕೇ?

ಅವನು ಅಥೆನ್ಸಿನ ಯಾವುದೋ ದೊಡ್ಡ ಹೋಟೆಲಿನಲ್ಲಿ ಸ್ವಲ್ಪ ಕಾಲ ಕೆಲಸಕ್ಕಿದ್ದು ಬಂದವನು. ಬರುತ್ತಲೇ ಹುಲ್ಲು ಹೆಣೆದ ಹಳೆಯ ಕುರ್ಚಿಗಳನ್ನೆಲ್ಲ ಗುಜರಿಗೆ ಹಾಕಿದ. ಗಿರಾಕಿಗಳು ಎಳೆದಾಡಿ ಸದ್ದು ಮಾಡಬಾರದೆಂದು ಒಂಟಿ ಕಾಲಿನ ಹೊಸ ಕುರ್ಚಿಗಳನ್ನು ತರಿಸಿ ನೆಲಕ್ಕೆ ಬೋಲ್ಟ್ ಹಾಕಿ ಬಿಗಿಸಿದ.

ಸೆಪ್ಟೆಂಬರಿನಲ್ಲಿ ಅಕ್ಕನ ಹೆಸರಿನ ಸಂತಳ ಹಬ್ಬ; ಆ ಹೆಸರಿಟ್ಟುಕೊಂಡವರಿಗೆಲ್ಲ ನಮ್ಮಲ್ಲಿ ಅದು ಹುಟ್ಟುಹಬ್ಬಕ್ಕಿಂತ ದೊಡ್ಡದು. ಅಕ್ಕ ಪೊಲಿಕ್ಸೇನಿ; ಅವಳ ಮಗಳ ಮಗಳಿಗೂ, ಪದ್ಧತಿಯಂತೆ, ಅದೇ ಹೆಸರು. ಆರು ವರ್ಷದ ಪೋರಿ. ಕಾಲುನೋವಿನಿಂದ ಅಡುಗೆ ಬಿಟ್ಟ ಮೇಲೆ ಅಕ್ಕ ಮಗನನ್ನು ಕೇಳಿದ್ದು ಒಂದೇ ಒಂದು: ಹಬ್ಬದ ಸಂಜೆ ಆ ಅಂಗಡಿಯಲ್ಲಿ ಮೊಮ್ಮಗಳ ಜೊತೆ ಒಂದೇ ಮೇಜಿಗೆ ಕೂತು ಉಣ್ಣಬೇಕು. ಮಗುವಿನ ಕೈ ಹಿಡಿದು ಬಾಗಿಲಿಗೆ ಬಂದೂ ಬಿಟ್ಟಳು.

"ನೀನು ಬಾಮ್ಮ, ಬೇಡ ಅಂದೋರ್ಯಾರು? ಮಗು ಬೇಡ," ಅಂದ ಸ್ತಾಥಿಸ್. "ಇವತ್ತು ಪತ್ರಿಕೆಯೋರು ಫೋಟೋ ತೆಗೆಯೋಕೆ ಬರ್ತಿದಾರೆ. ರೂಲ್ಸ್ ಅಂದ್ರೆ ರೂಲ್ಸು."

"ಇವತ್ತು ಇವಳದ್ದೂ ಹಬ್ಬ ಕಣೋ."

"ಹನ್ನೆರಡು ತುಂಬ್ಲಿ. ಮೊದಲ್ನೇ ಮೇಜು ಅವಳಿಗೇ."

ನನಗೆ ಮೈಯೆಲ್ಲ ಉರಿಯಿತು. "ಅಲ್ಲೀವರ್ಗೂ ನಿಮ್ಮಮ್ಮ ಇರ್ತಾಳೇನೋ, ಪೆದ್ದ ನನ್ಮಗನೆ?"

"ಚಿಕ್ಕಮ್ಮ, ನೀವು ಮಧ್ಯೆ ಬಾಯಿ ಹಾಕ್ಬೇಡಿ."

"ಬಿಡೇ," ಅಂದಳು ಅಕ್ಕ ನನಗೆ. "ಅವನ ಅಂಗಡಿ, ಅವನ ರೂಲ್ಸು." ರಸ್ತೆ ದಾಟಿ, ಎದುರಿನ ಸಮುದ್ರದ ಕಟ್ಟೆಯ ಮೇಲೆ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಕೂತಳು. ಅವಳ ಕಣ್ಣು ತುಂಬಿದ್ದನ್ನು ನೋಡಿ ನಾನು ಮನೆಗೆ ಓಡಿ, ಟೊಮೇಟೊ ರಸದಲ್ಲಿ ಬೆಂದ ಮಾಂಸದುಂಡೆಗಳ ಪಾತ್ರೆಯನ್ನೇ ಎತ್ತಿಕೊಂಡು ಬಂದೆ.

ಹೆಸರಿನ ಹಬ್ಬಕ್ಕೆ ನಮ್ಮಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ನೆನಪಿದ್ದವರು ಸಿಹಿಯ ಡಬ್ಬಿ ಹಿಡಿದು ತಾವಾಗಿ ಬರುತ್ತಾರೆ. ಅಕ್ಕನ ಕೈಯೂಟ ಉಂಡವರು ಬೀದಿ ತುಂಬ ಇದ್ದಾರೆ, ಅವರಿಂದ ತನ್ನ ಅಂಗಡಿ ತುಂಬುತ್ತದೆಂದೇ ಆ ಜಾಣ ಫೋಟೋದವನನ್ನು ಈ ದಿನವೇ ಕರೆಸಿದ್ದ. ಜನ ಹುಡುಕಿಕೊಂಡು ಬರುವುದು ಹಬ್ಬದವಳನ್ನೇ ಹೊರತು ಹಿತ್ತಾಳೆಯ ಬೋರ್ಡನ್ನಲ್ಲ ಎಂಬುದು ಆ ತಲೆಗೆ ಹೊಳೆದಿರಲಿಲ್ಲ.

ಮೊದಲು ಬಂದವಳು ಮೀನು ಮಾರುವ ಗರುಫಲ್ಯಾ. "ಇದೇನೇ, ಹಬ್ಬದ ದಿನ ಕಟ್ಟೆ ಮೇಲೆ?"

"ಇವಳಿಗಿನ್ನೂ ವಯಸ್ಸಾಗಿಲ್ಲವಂತೆ," ಅಂದಳು ಅಕ್ಕ.

ಗರುಫಲ್ಯಾ ಬೋರ್ಡು ಓದಿ ಮೂಗು ಮುರಿದಳು. "ಬ್ರೆಡ್ ಅದ್ದದೆ ಉಣ್ಣೋಕೆ ನಂಗೂ ಬರಲ್ಲಮ್ಮ. ಸರ್ಕೊಳ್ಳಿ ಆಚೆ."

ಆಮೇಲೆ ಪಾದ್ರಿ ಬಂದರು, ಕ್ಷೌರಿಕ ಬಂದ, ಬಂದರಿನ ಕಡೆಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಂದರು. ಯಾರೋ ಸಾರಾಯಿ ತಂದರು, ಯಾರೋ ಬಿಸಿ ಬ್ರೆಡ್. ಎಲ್ಲರೂ ಒಂದೇ ಪಾತ್ರೆಗೆ ಅದ್ದಿ, ದನಿ ಎತ್ತಿ, ನಕ್ಕು ತಿಂದರು. ಫೋಟೋದವನು ಖಾಲಿ ಅಂಗಡಿಯೊಳಗೆ ಇಣುಕಿ, ರಸ್ತೆ ದಾಟಿ ಬಂದು, ಕ್ಯಾಮೆರಾ ಕೆಳಗಿಟ್ಟು ತಾನೂ ಒಂದು ತುಂಡು ಅದ್ದಿದ. ಬಾಗಿಲಲ್ಲಿ ನಿಂತಿದ್ದ ಸ್ತಾಥಿಸನ ಮುಖ ನೋಡಿ ನನಗೆ ಹೊಟ್ಟೆ ತಣ್ಣಗಾಯಿತು.

ಮಗು ತೂಕಡಿಸತೊಡಗಿತು. ಅಕ್ಕ ಹಳೆಯ ಅಭ್ಯಾಸದಂತೆ ಅಂಗಡಿಯ ಕಡೆ ಕೂಗಿದಳು: "ಸ್ತಾಥಿ, ಎರಡು ಕುರ್ಚಿ ತಾರೋ!"

ನಮ್ಮೂರ ಮಕ್ಕಳಿಗೆಲ್ಲ ಅದೇ ಹಾಸಿಗೆ. ದೊಡ್ಡವರು ಉಂಡು ಹಾಡುತ್ತಿದ್ದರೆ, ಎದುರುಬದುರು ಜೋಡಿಸಿದ ಎರಡು ಕುರ್ಚಿಗಳ ಮೇಲೆ ಅವು ನಿದ್ದೆ ಹೋಗುತ್ತವೆ. ಸ್ತಾಥಿಸ್ ಬೆಳೆದದ್ದೂ ಆ ಅಂಗಡಿಯಲ್ಲಿ, ಹಾಗೆಯೇ.

ಅವನು ಒಳಗೆ ಹೋದ. ಬರಿಗೈಯಲ್ಲಿ ಬಂದ. "ಬರಲ್ಲಮ್ಮ. ಬಿಗಿದಿದೆ."

ಅಕ್ಕ ಅವನನ್ನೇ ನೋಡಿದಳು. "ಹಾಗಿದ್ರೆ ನೀನೇ ಕೂತ್ಕೊಂಡು ತೊಡೆ ಕೊಡು. ಒಳಗೆ ಗಿರಾಕಿಗಳು ಕಾಯ್ತಿದ್ರೆ ಬೇಡ."

"ಒಳಗೆ ಯಾರೂ ಇಲ್ಲ."

ಕೂತ. ಮಗು ಟೊಮೇಟೊ ಬಳಿದುಕೊಂಡ ಬಾಯನ್ನು ಅವನ ಬಿಳಿ ಪ್ಯಾಂಟಿಗೆ ಒತ್ತಿ ಮಲಗಿತು. ನಾನು ಬಿಡುತ್ತೇನೆಯೇ? "ಏನೋ, ತೊಡೆ ಮೇಲೆ ನ್ಯಾಪ್‌ಕಿನ್ ಹಾಸ್ಕೊಳ್ಲಿಲ್ವಾ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ.

ಅವನು ಮಗುವಿನ ಕಿವಿಗೆ ಅಂಗೈ ಅಡ್ಡ ಹಿಡಿದ.

"ಮೆಲ್ಲಗೆ ಚಿಕ್ಕಮ್ಮ," ಅಂದ. "ಎದ್ದುಬಿಡ್ತಾಳೆ."