ಕಟ್ ಮಾಡಿದರೆ ಬಂದಂತೆ

ತೆಲುಗು ಸೀಮೆಯ ಪಟಾನ್‌ಚೆರುವಿನ ಒಂದು ವಠಾರದಲ್ಲಿ ಕಿವಿ ಕೇಳದ, ಮಾತು ಬಾರದ ಸಾಬಮ್ಮನಿಗೂ ಒಂದು ಫೋನಿತ್ತು. ಫ್ಯಾಕ್ಟರಿಗೆ ಹೋಗುತ್ತಿದ್ದ ಗಂಡ ಸಂಗಣ್ಣನ ಜೊತೆ ಅವಳ ಮಾತುಕತೆಯೆಲ್ಲ ಮಿಸ್ಡ್ ಕಾಲಿನಲ್ಲೇ. ಅವಳು ರಿಂಗ್ ಕೊಟ್ಟರೆ ‘ಬಾ’ ಎಂದು, ಅವನು ತಿರುಗಿ ಕೊಟ್ಟರೆ ‘ಹೊರಟೆ’ ಎಂದು. ಅಂಗೈಯಲ್ಲಿ ಫೋನು ನಡುಗಿದರೆ ಸಾಕು, ಕಟ್ ಮಾಡಿ ನಿಶ್ಚಿಂತೆಯಾಗಿ ಕೂರುತ್ತಿದ್ದಳು.

ಅಂದು ಬೆಳಿಗ್ಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಶಿವದೇವಿ ಬಾಗಿಲಲ್ಲೇ ಹೌಹಾರಿದಳು. ಸಂಗಣ್ಣ ಎದೆ ಹಿಡಿದುಕೊಂಡು ನೆಲಕ್ಕೆ ಬಿದ್ದಿದ್ದ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಾಬಮ್ಮ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಮುಖದಲ್ಲಿ ಗಾಬರಿಯೇ ಇಲ್ಲ!

“ಯಾಕ ಸುಮ್ಮ ಕುಂತಿ? ನನ್ನ ಬಾಗಿಲ ಬಡೀಬಾರದೇನವ್ವಾ?” ಶಿವದೇವಿ ಚೀರುತ್ತಲೇ ಕೈಸನ್ನೆಯಲ್ಲೂ ಕೇಳಿದಳು.

ಸಾಬಮ್ಮ ಫೋನು ತೋರಿಸಿದಳು. ಆಂಬುಲೆನ್ಸ್ ನಂಬರಿಗೆ ರಿಂಗ್ ಕೊಟ್ಟಿದ್ದಳು. ಅಷ್ಟರಲ್ಲಿ ಫೋನು ಮತ್ತೆ ನಡುಗಿತು. ‘ನೋಡು, ಹೊರಟರು’ ಎನ್ನುವಂತೆ ತಲೆಯಾಡಿಸಿ ಕಟ್ ಮಾಡಿದಳು.

ಶಿವದೇವಿ ಫೋನು ಕಸಿದುಕೊಂಡು ಅದೇ ನಂಬರಿಗೆ ಹಚ್ಚಿದಳು.

“ಆಗಿನಿಂದ ನಾವು ಮಾಡುತ್ತಲೇ ಇದ್ದೇವೆ, ನೀವು ಮಾತೇ ಆಡದೆ ಕಟ್ ಮಾಡುತ್ತೀರಿ. ಇದೇನು ಆಟವೇನಮ್ಮಾ?” ಎಂದು ಆ ಕಡೆಯ ದನಿ ತೆಲುಗಿನಲ್ಲಿ ರೇಗಿತು.

ಮಾತು ಬಾರದವಳು ಮಾತಾಡದೆ ಇನ್ನೇನು ಮಾಡಬೇಕಿತ್ತು!

ಶಿವದೇವಿ ಬಗ್ಗಿ ಸಂಗಣ್ಣನ ಕೈ ಮುಟ್ಟಿದಳು. ತಣ್ಣಗೆ ಕೊರೆಯುತ್ತಿತ್ತು.

ಸಾಬಮ್ಮ ಗಾಳಿ ಹಾಕುವುದನ್ನು ನಿಲ್ಲಿಸದೆ, ‘ಎಲ್ಲಿಗೆ ಬಂದರಂತೆ?’ ಎಂದು ಇನ್ನೊಂದು ಕೈಯಲ್ಲಿ ಕೇಳಿದಳು.