ಚೀಸ್ ಮಾವನ ಜೊತೆ ಚೌಕಾಸಿ

ಚೌಕಾಸಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕಲ್ಲು ಹಿಂಡಿ ನೀರು ತೆಗೆಯುವವಳು ಎಂದು ಮಾರುಕಟ್ಟೆಯವರು ಅನ್ನುತ್ತಿದ್ದರು. ಹಾಗೆ ಅನ್ನಿಸಿಕೊಳ್ಳುವುದು ಅವಳಿಗೂ ಇಷ್ಟ. ಪಿಜ್ಜಾ ಅಂಗಡಿಯ ಒಲೆ ಗಂಡನದು, ಖರೀದಿ ಇವಳದು. ಹಿಟ್ಟಿನವನು, ಟೊಮೆಟೊದವನು, ರಟ್ಟಿನ ಡಬ್ಬಿಯವನು ಎಲ್ಲರೂ ಅವಳ ಬಾಯಿಗೆ ಸೋತವರೇ. ಉಳಿದವರು ಚೀಸ್ ಮಾವ ಒಬ್ಬರು.

ಮಾವ ಎಂದರೆ ರಕ್ತಸಂಬಂಧವಲ್ಲ. ತೀರಿಹೋದ ಅಪ್ಪನ ಗೆಳೆಯ. ಮನೆಯ ಹಿಂದಿನ ಶೆಡ್ಡಿನಲ್ಲಿ ಹೆಂಡತಿಯನ್ನೂ ಒಬ್ಬ ಆಳನ್ನೂ ಕಟ್ಟಿಕೊಂಡು ಚೀಸ್ ಮಾಡುತ್ತಿದ್ದರು. ಅಂಗಡಿ ತೆರೆದ ಹೊಸದರಲ್ಲಿ ಪಿಜ್ಜಾದ ನಡುಭಾಗ ಒದ್ದೆ ಬಟ್ಟೆಯಂತೆ ಜೋತುಬೀಳುತ್ತಿತ್ತು. ಚೀಸನ್ನು ಮೊದಲು ಜರಡಿಯಲ್ಲಿಟ್ಟು ನೀರು ಬಸಿಯಬೇಕೆಂದು ಪಕ್ಕದಲ್ಲಿ ನಿಂತು ಕಲಿಸಿದವರು ಅವರೇ.

ಒಮ್ಮೆ ಕಂಪನಿಯೊಂದರ ಏಜೆಂಟ್ ತುರಿದ ಚೀಸಿನ ಪ್ಯಾಕೆಟ್ ಹಿಡಿದು ಬಂದ. ಅವನ ದರ ಮಾವನದಕ್ಕಿಂತ ಕೊಂಚವೇ ಕಡಿಮೆ. ಮಾವನನ್ನು ಬಿಡುವ ಯೋಚನೆ ಅವಳಿಗೆ ಇರಲೇ ಇಲ್ಲ. ಆದರೆ ಕೈಗೆ ಸಿಕ್ಕ ಕೋಲನ್ನು ಬೀಸದೆ ಇರುವುದಾದರೂ ಹೇಗೆ? ಮಾರನೆಯ ದಿನ ಮಾವ ಸರಕು ಇಳಿಸಲು ಬಂದಾಗ ಟೀ ಕೊಟ್ಟು ಮಾತು ತೆಗೆದಳು.

“ಮಾವ, ಕಂಪನಿಯವರು ನಿಮ್ಮ ರೇಟಿನ ಮುಕ್ಕಾಲು ಭಾಗಕ್ಕೇ ಕೊಡ್ತೀವಿ ಅಂತಿದ್ದಾರೆ.”

ಅದು ಹಸಿ ಸುಳ್ಳು.

“ಮುಕ್ಕಾಲಿಗಾ?”

“ಹೂಂ. ನೀವು ಹೊರಗಿನವರಲ್ಲ ಅಂತ ಮೊದಲು ನಿಮಗೇ ಹೇಳ್ತಿದ್ದೀನಿ.”

ಮಾವ ಅವಳ ಮುಖವನ್ನೇ ತುಸು ಹೊತ್ತು ನೋಡಿದರು. “ಆಯ್ತಮ್ಮ. ಅದೇ ರೇಟಿಗೆ ಕೊಡ್ತೀನಿ” ಎಂದು ಎದ್ದರು. ಟೀ ಅರ್ಧ ಉಳಿದಿತ್ತು.

ಅವಳು ಬೀಗುತ್ತ ಗಂಡನಿಗೆ ಹೇಳಿದಳು. ಅವನು ಹಿಟ್ಟು ತಟ್ಟುತ್ತಲೇ, “ಅವರ ಹತ್ರನೂ ಎಳೆದಾಡಬೇಕಿತ್ತಾ?” ಎಂದ.

“ವ್ಯಾಪಾರದಲ್ಲಿ ಪಾಪ ಗೀಪ ಅಂತ ಕೂತ್ರೆ ನಾಳೆ ಬೇರೆಯವರ ತಟ್ಟೆ ತೊಳೀಬೇಕಾಗುತ್ತೆ” ಎಂದಳು.

ಕೆಲವು ತಿಂಗಳಲ್ಲಿ ಚೀಸ್ ಕೆಟ್ಟಿತು. ಎಳೆ ಬರುತ್ತಿರಲಿಲ್ಲ, ರಬ್ಬರಿನಂತೆ ತುಂಡಾಗುತ್ತಿತ್ತು. ಆಮೇಲೊಂದು ಬೆಳಿಗ್ಗೆ ಸರಕೇ ಬರಲಿಲ್ಲ. ಅವಳು ದುಮುಗುಡುತ್ತ ಮಾವನ ಮನೆಗೆ ಹೋದಳು.

ಶೆಡ್ಡಿನಲ್ಲಿ ಅತ್ತೆ ಒಬ್ಬರೇ ಬಿಸಿನೀರಿನಲ್ಲಿ ಒಡೆದ ಹಾಲಿನ ಗಡ್ಡೆಗಳನ್ನು ನಾದುತ್ತಿದ್ದರು. ಕೈ ಮೊಣಕೈವರೆಗೆ ಕೆಂಪೇರಿತ್ತು. “ಆಳನ್ನ ಬಿಡಿಸಿದ್ವಿ” ಎಂದರು, ದೂರುವ ದನಿಯೇನೂ ಇರಲಿಲ್ಲ. “ಇವರು ಹಾಲಿನ ಕ್ಯಾನು ಎತ್ತೋಕೆ ಹೋಗಿ ಸೊಂಟ ಹಿಡ್ಕೊಂಡು ಮಲಗಿದ್ದಾರೆ. ಒಳಗೆ ಹೋಗು.”

ಬೈಯಲು ಬಂದವಳು ಒಳಗೆ ಹೋದಳು. ಮಂಚದ ಪಕ್ಕ ಕೂತು, “ಮಾವ, ಹಳೇ ರೇಟೇ ಕೊಡ್ತೀನಿ. ಅದಕ್ಕಿಂತ ಜಾಸ್ತಿನೇ ತಗೊಳ್ಳಿ” ಎಂದಳು.

“ಬೇಡಮ್ಮ. ಈ ತಿಂಗಳಿಗೆ ಮುಚ್ಚಿಬಿಡೋಣ ಅಂದ್ಕೊಂಡಿದ್ದೀವಿ. ಅವಳ ಕೈ ನೋಡಿದೆಯಲ್ಲ.”

“ಅವತ್ತು ನಾನು ಹೇಳಿದ ರೇಟು...”

“ಗೊತ್ತು. ಆ ಏಜೆಂಟ್ ನನ್ನ ಎಲ್ಲಾ ಗಿರಾಕಿಗಳ ಹತ್ರನೂ ಹೋಗಿದ್ದ. ಅವನ ರೇಟು ನಂಗೆ ಬಾಯಿಪಾಠ.”

“ಮತ್ತೆ ಯಾಕೆ ಒಪ್ಪಿದ್ರಿ?”

“ನಿನ್ನನ್ನ ಫ್ರಾಕ್ ಹಾಕ್ಕೊಂಡು ಓಡಾಡ್ತಿದ್ದಾಗಿಂದ ನೋಡಿದ್ದೀನಿ. ನನ್ನ ಹತ್ರ ಸುಳ್ಳು ಹೇಳೋ ಹುಡುಗಿ ಅಲ್ಲ ನೀನು. ಹೇಳ್ತಿದ್ದಾಳೆ ಅಂದ್ರೆ ಅಂಗಡಿಗೆ ಏನೋ ದೊಡ್ಡ ಕಷ್ಟ ಬಂದಿರಬೇಕು, ಬಾಯಿಬಿಟ್ಟು ಹೇಳೋಕೆ ಸಂಕೋಚ ಅಂದ್ಕೊಂಡೆ.” ಮಾವ ನೋವಿನಲ್ಲಿ ಮಗ್ಗುಲು ಬದಲಿಸಿದರು. “ಈಗ ಸುಧಾರಿಸಿತಾ?”

ಆ ವರ್ಷದಷ್ಟು ವ್ಯಾಪಾರ ಅಂಗಡಿಗೆ ಹಿಂದೆಂದೂ ಆಗಿರಲಿಲ್ಲ. ಹೇಳಿಬಿಡಬೇಕು ಎಂದು ಅವಳು ಬಾಯಿ ತೆರೆದಳು. ಮಾವ ಉತ್ತರಕ್ಕಾಗಿ ಕಾಯುತ್ತಿದ್ದರು.

“ಹೂಂ ಮಾವ” ಎಂದಳು. “ಆಗ ಸ್ವಲ್ಪ ಕಷ್ಟ ಇತ್ತು. ಈಗ ಪರವಾಗಿಲ್ಲ.”

“ಸದ್ಯ” ಎಂದು ಅವರು ಕಣ್ಣು ಮುಚ್ಚಿಕೊಂಡರು.

ತಿಂಗಳ ಕೊನೆಗೆ ಶೆಡ್ಡು ಮುಚ್ಚಿತು. ಅಂಗಡಿಗೆ ಕಂಪನಿಯ ಪ್ಯಾಕೆಟ್‌ಗಳು ಬರತೊಡಗಿದವು. ಚೀಸ್ ಚೆನ್ನಾಗಿಯೇ ಎಳೆ ಬಿಡುತ್ತಿತ್ತು. ಚೀಸ್ ಬದಲಾಯಿತೇ ಎಂದು ಯಾವ ಗಿರಾಕಿಯೂ ಕೇಳಲಿಲ್ಲ. ಯಾರಾದರೂ ಒಬ್ಬರು ಕೇಳಲಿ ಎಂದು ಅವಳು ಬಹಳ ದಿನ ಕಾದಳು.