ಆರ್ಲಿನ್ ಎಳೆದ ಹಳದಿ ಗೆರೆ

ಡಾರ್ಲಿಸ್‌ಳ ನರ್ಸಿಂಗ್ ಲೈಸೆನ್ಸ್ ಅಮೆರಿಕದ ನಲವತ್ತು ರಾಜ್ಯಗಳಲ್ಲಿ ನಡೆಯುತ್ತಿತ್ತು. ಆರ್ಲಿನ್ ಟ್ವೀಟನ್‌ನ ಅಡುಗೆಮನೆಯಲ್ಲಿ ಮಾತ್ರ ನಡೆಯುತ್ತಿರಲಿಲ್ಲ.

ಆ ಮನೆ ಅಯೋವಾ ಮತ್ತು ಮಿನೆಸೋಟಾದ ಗಡಿಯ ಮೇಲೇ ಕೂತಿತ್ತು. ಒಂದು ರಾಜ್ಯದ ಲೈಸೆನ್ಸನ್ನು ಇನ್ನೊಂದು ಒಪ್ಪುವ ಒಪ್ಪಂದಕ್ಕೆ ಅಯೋವಾ ಸೇರಿತ್ತು, ಮಿನೆಸೋಟಾ ಸೇರಿರಲಿಲ್ಲ. ಗಡಿ ಎಲ್ಲಿ ಹಾಯುತ್ತದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆರ್ಲಿನ್ ಮೂವತ್ತೆಂಟು ವರ್ಷ ಸರ್ವೆ ಮಾಡಿದವನು. ನಿವೃತ್ತನಾದ ವಾರವೇ ಮನೆ ಅಳೆದು, ನೆಲದ ಮೇಲೆ ಹಳದಿ ಬಣ್ಣದಲ್ಲಿ ಗೆರೆ ಎಳೆದುಬಿಟ್ಟಿದ್ದ. ಒಲೆ, ಊಟದ ಮೇಜು ಮಿನೆಸೋಟಾಕ್ಕೆ. ಸೋಫಾ, ಟಿವಿ ಅಯೋವಾಕ್ಕೆ.

ಸಕ್ಕರೆ ಕಾಯಿಲೆಯಿಂದ ಅವನ ಬಲಗಾಲಲ್ಲಿ ಹುಣ್ಣಾಗಿತ್ತು. ಡಾರ್ಲಿಸ್ ವಾರಕ್ಕೆರಡು ಸಲ ಬಂದು ಸೋಫಾದ ಮೇಲೆ ಪಟ್ಟಿ ಕಟ್ಟುತ್ತಿದ್ದಳು. ತಾಪತ್ರಯ ಶುರುವಾದದ್ದು ಹೊಸ ಡಾಕ್ಟರಿಂದ. ಅವರು ಫೋನಿನ ಪರದೆಯಲ್ಲೇ ನೋಡುವವರು, ಲೈಸೆನ್ಸ್ ಬರೀ ಮಿನೆಸೋಟಾದ್ದು.

"ಈಗ ಯಾವ ರಾಜ್ಯದಲ್ಲಿದ್ದೀರಿ?" ಎಂದರು ಡಾಕ್ಟರು.

"ಅಯೋವಾ."

"ಹಾಗಾದ್ರೆ ನಾನು ನಿಮ್ಮನ್ನ ನೋಡೋ ಹಾಗಿಲ್ಲ."

ಒಲೆಯ ಹತ್ತಿರವಿದ್ದ ಹೆಂಡತಿ ಮ್ಯೂರಿಯಲ್ ಸಿಡುಕಿದಳು. "ಮಿನೆಸೋಟಾ ಅಂದುಬಿಡೋಕೇನು ಧಾಡಿ ನಿಂಗೆ? ಅವರೇನು ಬಂದು ಅಳೀತಾರಾ?"

"ಗೆರೆ ಅಂದ್ರೆ ಗೆರೆ, ಮ್ಯೂರಿಯಲ್."

ಕುರ್ಚಿಯೊಂದನ್ನು ಮಿನೆಸೋಟಾಕ್ಕೆ ಎಳೆದು ಆರ್ಲಿನ್ ಕೂತದ್ದಾಯಿತು. "ನರ್ಸಮ್ಮ, ಪಟ್ಟಿ ಬಿಚ್ಚಿ ತೋರಿಸಿ" ಎಂದರು ಡಾಕ್ಟರು.

"ಅಲ್ಲಿ ನಾನು ಮುಟ್ಟೋ ಹಾಗಿಲ್ಲ ಸಾರ್."

ಡಾರ್ಲಿಸ್ ತನ್ನ ಕಚೇರಿಗೆ ಫೋನ್ ಮಾಡಿದಳು. ರೋಗಿಯ ಕುಂಡೆ ಎಲ್ಲಿದೆಯೋ ಆ ರಾಜ್ಯವೇ ಲೆಕ್ಕ ಎಂದರು. ಆರ್ಲಿನ್ ತನ್ನ ಸರ್ವೆ ಕಾಲದ ತೂಗುಗುಂಡು ತಂದು, ದಾರ ಇಳಿಬಿಟ್ಟು ನೇರ ನೋಡಿ, ಕುರ್ಚಿಯನ್ನು ಗೆರೆಯ ನಟ್ಟನಡುವೆ ನಿಲ್ಲಿಸಿ ಕೂತ. ಬಲಗುಂಡೆ, ಬಲಗಾಲು ಅಯೋವಾ, ಎಡದ್ದೆಲ್ಲ ಮಿನೆಸೋಟಾ.

ಡಾಕ್ಟರು ಯೋಚಿಸಿದರು. "ನಿಮಗೆ ಚೆನ್ನಾಗಿ ಕೇಳಿಸೋದು ಯಾವ ಕಿವಿ?"

"ಎಡದ್ದು."

"ಹಾಗಾದ್ರೆ ತೊಂದರೆಯಿಲ್ಲ."

ಐದು ವಾರ ಹೀಗೇ ನಡೆಯಿತು. ಆರನೇ ವಾರ ಆರ್ಲಿನ್ ಇನ್ಸುಲಿನ್ ಚುಚ್ಚಿಕೊಂಡು ತಿಂಡಿ ತಿನ್ನುವುದನ್ನು ಮರೆತಿದ್ದ. ಡಾಕ್ಟರ ಜೊತೆ ಮಾತಾಡುತ್ತಲೇ ಬೆವತು, ಎಡಕ್ಕೆ ವಾಲಿ, ಇಡೀ ಮನುಷ್ಯ ಮಿನೆಸೋಟಾಕ್ಕೆ ಉರುಳಿದ. ಮ್ಯೂರಿಯಲ್ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು.

"ಸಕ್ಕರೆ ಇಳಿದಿದೆ! ಬೇಗ ಏನಾದ್ರೂ ಸಿಹಿ ಕೊಡಿ!" ಪರದೆಯೊಳಗಿಂದ ಡಾಕ್ಟರು ಕೂಗಿದರು.

ಡಾರ್ಲಿಸ್‌ಳ ಕಾಲು ಗೆರೆಯ ಹತ್ತಿರ ಒಂದು ಕ್ಷಣ ನಿಂತುಬಿಟ್ಟಿತು. ಆ ಒಂದು ಕ್ಷಣಕ್ಕಾಗಿ ಅವಳು ಆಮೇಲೆ ಬಹಳ ದಿನ ನಾಚಿಕೊಂಡಳು. ಮರುಕ್ಷಣ ಜಿಗಿದಳು. ಮೇಜಿನ ಮೇಲಿದ್ದ ಜೇನುತುಪ್ಪವನ್ನು ಬೆರಳಲ್ಲಿ ಬಳಿದು ಅವನ ಕೆನ್ನೆಯೊಳಗೆ ಸವರಿದಳು. ಸ್ವಲ್ಪ ಹೊತ್ತಿಗೆ ಆರ್ಲಿನ್ ಕಣ್ಣು ಬಿಟ್ಟ.

"ನೀನು ಯಾವ ಕಡೆ ಇದ್ದೀಯಮ್ಮ?"

"ಮಿನೆಸೋಟಾ" ಎಂದಳು ಅಳುತ್ತಾ.

"ಅಯ್ಯೋ. ಮಿನೆಸೋಟಾದ ನರ್ಸಿಂಗ್ ಮಂಡಳಿಗೆ ಬರೆದು ತಿಳಿಸಬೇಕಾಗುತ್ತಲ್ಲ."

"ಬರೆದು ನೋಡು, ನಾಳೆಯಿಂದ ನಿಂಗೆ ಕಾಫಿ ಇಲ್ಲ" ಎಂದಳು ಒಳಗೆ ಓಡಿಬಂದ ಮ್ಯೂರಿಯಲ್. ಆರ್ಲಿನ್ ಬರೆದೇಬಿಟ್ಟ. ತಾನು ಬಿದ್ದ ಜಾಗ, ನರ್ಸ್ ನಿಂತ ಜಾಗ, ಜೇನಿನ ಬಾಟಲಿಯ ಜಾಗ, ಎಲ್ಲ ಗುರುತಿಸಿದ ನಕ್ಷೆಯನ್ನೂ ಲಗತ್ತಿಸಿದ. ಎಂಟು ದಿನ ಕಾಫಿ ಇಲ್ಲದೆ ಕಳೆದ.

ಡಾರ್ಲಿಸ್ ಹೆದರಿ, ಬೆರಳಚ್ಚು ಕೊಟ್ಟು, ಮಿನೆಸೋಟಾ ಲೈಸೆನ್ಸಿಗೆ ಅರ್ಜಿ ಹಾಕಿದಳು. ಅಂಚೆಗಾಡಿ ಕಂಡರೆ ಬಾಗಿಲಿಗೆ ಓಡುತ್ತಿದ್ದಳು. ಒಂಬತ್ತು ವಾರದ ಮೇಲೆ ಆರ್ಲಿನ್‌ಗೆ ಮಂಡಳಿಯ ಉತ್ತರ ಬಂತು: ಎಚ್ಚರ ತಪ್ಪುತ್ತಿರುವವನ ಬಾಯಿಗೆ ಜೇನು ಹಾಕಲು ಯಾರಿಗೂ ಲೈಸೆನ್ಸ್ ಬೇಡ, ನಕ್ಷೆ ಬಹಳ ಅಚ್ಚುಕಟ್ಟಾಗಿದೆ, ನಾವೇ ಇಟ್ಟುಕೊಳ್ಳಬಹುದೇ? ನಕ್ಷೆಯ ಬಗೆಗಿನ ಮಾತನ್ನು ಆರ್ಲಿನ್ ಮೂರು ಸಲ ಗಟ್ಟಿಯಾಗಿ ಓದಿದ.

ಅದೇ ವಾರ ಡಾರ್ಲಿಸ್‌ಗೆ ಲೈಸೆನ್ಸೂ ಬಂತು. ಅಷ್ಟರಲ್ಲಿ ಹುಣ್ಣು ಪೂರ್ತಿ ವಾಸಿಯಾಗಿತ್ತು. ಆದರೂ ಅವಳು ಲೈಸೆನ್ಸ್ ತೋರಿಸಲು ಹೋದಳು. ಆರ್ಲಿನ್ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಪರೀಕ್ಷಿಸಿ, ಊಟದ ಮೇಜಿನ ಪಕ್ಕ, ಮಿನೆಸೋಟಾದಲ್ಲೇ ಕೂತು ಎಡಗಾಲು ಚಾಚಿದ.

"ಉಗುರು ಬೆಳೆದಿದೆ ನೋಡಮ್ಮ. ಇಷ್ಟು ದಿನ ಕೇಳೋ ಹಾಗಿರಲಿಲ್ಲ."